ನಿವೃತ್ತಿಯ ಹಣ: ಕೈಯಲ್ಲಿ ಇಟ್ಟುಕೊಳ್ಳುವುದೋ, ತೊಡಗಿಸುವುದೋ?



ನಮ್ಮ ಪೀಳಿಗೆಯ ಬಹಳ ಮಂದಿಯ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಹೆಸರು ಹಚ್ಚಿಸಲು ಹೋದಾಗ ಗುರುಗಳು ಬರೆದದ್ದೇ ಹುಟ್ಟಿದ ದಿನ. ಅದರಿಂದಾಗಿ ಪ್ರತಿವರ್ಷ ಮೇ 31ಕ್ಕೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ಕಡೆಯ ನಮ್ಮ ಸದಸ್ಯರು ಸಾಲಾಗಿ ನಿವೃತ್ತರಾಗುತ್ತಾರೆ. ಗ್ರಾಚ್ಯುಟಿ, ಜಿಪಿಎಫ್, ಪೆನ್ಶನ್ ಕಮ್ಯುಟೇಶನ್ ಎಂದು ಹಣ ಒಂದೊಂದಾಗಿ ಕೈಸೇರುವಷ್ಟರಲ್ಲಿ ದೀಪಾವಳಿ ಹತ್ತಿರ ಬಂದಿರುತ್ತದೆ. ಆಮೇಲೆ ಫೋನು ಶುರು: "ಸರ್, ರೊಕ್ಕ ಬಂದೈತ್ರಿ. ಖಾತೆದಾಗ ಹಂಗ ಇರ್ಲೋ, ಎಲ್ಲೆರ ಹಾಕ್ಲೋ?"

ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಈ ಸಲ ಬರೆದು ಹಾಕುತ್ತಿದ್ದೇನೆ. ನಾನು ನಿವೃತ್ತ ಗುಮಾಸ್ತ, ಹಣಕಾಸಿನ ಸಲಹೆಗಾರನಲ್ಲ. ನಿಯಮ ಓದುವುದು, ತಾರೀಖು ನೆನಪಿಡುವುದು, ನಮೂನೆ ತುಂಬುವುದು ಇಷ್ಟೇ ನನಗೆ ಗೊತ್ತಿರುವ ವಿದ್ಯೆ. ಆದರೆ ಈ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಅದೇ ಎಂದು ನನ್ನ ಅಭಿಪ್ರಾಯ.

ಒಂದೇ ಮೊತ್ತ, ಇಬ್ಬರು ನಿವೃತ್ತರು

ಲೆಕ್ಕಕ್ಕಾಗಿ ಇಬ್ಬರನ್ನು ಇಟ್ಟುಕೊಳ್ಳೋಣ. ಇಬ್ಬರ ಕೈಗೂ 20 ಲಕ್ಷ ರೂಪಾಯಿ ಬಂದಿದೆ. ಮೊದಲನೆಯವರು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಶಿಕ್ಷಕರು. 2005ರ ನವೆಂಬರ್ 1ಕ್ಕೆ ಮೊದಲೇ ನೌಕರಿಗೆ ಸೇರಿದ್ದರಿಂದ ಹಳೆಯ ಪೆನ್ಶನ್ ಇದೆ. ತುಟ್ಟಿಭತ್ಯೆ ಏರಿದಾಗಲೆಲ್ಲ ಅವರ ಪೆನ್ಶನ್ನೂ ಏರುತ್ತದೆ. ಕಮ್ಯೂಟ್ ಮಾಡಿದ ಭಾಗ 15 ವರ್ಷದ ಮೇಲೆ ಮರಳಿ ಸಿಗುತ್ತದೆ. ಎರಡನೆಯವರು ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಅವರಿಗೆ ಭವಿಷ್ಯ ನಿಧಿಯ ಇಪಿಎಸ್-95 ಪೆನ್ಶನ್. 2014ರ ಸೆಪ್ಟೆಂಬರಿನಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಹೆಚ್ಚು ಸರ್ವಿಸ್ ಇದ್ದವರಿಗೆ ಎರಡು ಮೂರು ಸಾವಿರ ಬರಬಹುದು, ಆದರೆ ಅದಕ್ಕೆ ತುಟ್ಟಿಭತ್ಯೆ ಇಲ್ಲ. ಮೊದಲ ತಿಂಗಳು ಎಷ್ಟು ಬಂತೋ ಇಪ್ಪತ್ತು ವರ್ಷದ ಮೇಲೂ ಬರುವುದು ಅಷ್ಟೇ.

ಈ ಇಬ್ಬರಿಗೂ ಒಂದೇ ಉತ್ತರ ಕೊಡುವವರ ಮಾತು ಕೇಳಬೇಡಿ. ಶಿಕ್ಷಕರ ತಿಂಗಳ ಖರ್ಚು ಪೆನ್ಶನ್ನಿನಲ್ಲೇ ನಡೆಯುತ್ತದೆ. 20 ಲಕ್ಷ ಇರುವುದು ಆಸ್ಪತ್ರೆಗೆ, ಮಗಳ ಮದುವೆಗೆ, ಮಾಳಿಗೆ ಸೋರಿದರೆ ಅದಕ್ಕೆ. ಕಾರ್ಖಾನೆಯವರಿಗೆ ಆ 20 ಲಕ್ಷವೇ ಜೋಳ, ಬೇಳೆ, ಔಷಧಿ.

ಈಗ ತಿಂಗಳಿಗೆ 20,000 ರೂಪಾಯಿಯಲ್ಲಿ ನಡೆಯುವ ಮನೆ, ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹತ್ತು ವರ್ಷದ ಮೇಲೆ ಸುಮಾರು 35,800 ಕೇಳುತ್ತದೆ, ಇಪ್ಪತ್ತು ವರ್ಷದ ಮೇಲೆ 64,000 ದಾಟುತ್ತದೆ. 58ಕ್ಕೆ ನಿವೃತ್ತರಾದವರು 78ರವರೆಗೆ ಬದುಕುವುದು ಈಗ ದೊಡ್ಡ ಮಾತಲ್ಲ. ಹಾಗಾಗಿ "ಹಂಗ ಇಟ್ಟರೆ ಏನೂ ಆಗೂದಿಲ್ಲ" ಎಂಬುದು ಸರಿಯಲ್ಲ. ಪಾಸ್‌ಬುಕ್ಕಿನ ಅಂಕಿ ಅಲ್ಲೇ ಇರುತ್ತದೆ, ಅದರಿಂದ ಬರುವ ಜೋಳದ ಚೀಲಗಳು ಮಾತ್ರ ಕಡಿಮೆಯಾಗುತ್ತ ಹೋಗುತ್ತವೆ.

2025ರ ಜೂನ್ ನಂತರ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿ ಶೇ. 2.5. ಕಾರ್ಖಾನೆಯವರು 20 ಲಕ್ಷವನ್ನು ಅಲ್ಲೇ ಬಿಟ್ಟರೆ ತಿಂಗಳಿಗೆ ಬೀಳುವುದು ಸರಾಸರಿ 4,167 ರೂಪಾಯಿ. ಅದೇ ಹಣವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ. 8.2ಕ್ಕೆ ಇಟ್ಟರೆ ಮೂರು ತಿಂಗಳಿಗೊಮ್ಮೆ 41,000, ಅಂದರೆ ತಿಂಗಳಿಗೆ 13,667 ರೂಪಾಯಿ. ಇದಕ್ಕೆ ಷೇರುಪೇಟೆಯ ಧೈರ್ಯ ಏನೂ ಬೇಕಿಲ್ಲ. ಅಂಚೆ ಕಚೇರಿಯ ಕೌಂಟರಿನವರೆಗೆ ನಡೆದುಹೋಗುವ ಶಕ್ತಿ ಇದ್ದರೆ ಸಾಕು.

ಎಷ್ಟು ನಗದು?

ಇಷ್ಟು ಹೇಳಿದ ಮೇಲೂ ನಗದು ಬೇಕೇ ಬೇಕು. ಜತ್ತದಿಂದ ದೊಡ್ಡ ಆಸ್ಪತ್ರೆಗೆ ಮಿರಜಕ್ಕೋ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಓಡಬೇಕು. ರಾತ್ರಿ ಹೊತ್ತಿನಲ್ಲಿ ಅಲ್ಲಿ ಠೇವಣಿ ಪಾವತಿ ತೋರಿಸಿದರೆ ಯಾರೂ ದಾಖಲು ಮಾಡಿಕೊಳ್ಳುವುದಿಲ್ಲ. 2024ರ ಅಕ್ಟೋಬರ್ 29ರಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ರಕ್ಷಣೆ ಬಂದಿದೆ. ಕಾರ್ಡು ಮಾಡಿಸದವರು ಮಾಡಿಸಿಕೊಳ್ಳಿ. ಆದರೆ 58ರಿಂದ 70ರವರೆಗಿನ ಹನ್ನೆರಡು ವರ್ಷ ನಡುವೆ ಇದೆಯಲ್ಲ, ಆ ವರ್ಷಗಳಿಗೆ ಸ್ವಂತ ಏರ್ಪಾಡೇ ಬೇಕು.

ಪೆನ್ಶನ್ ಇರುವ ಶಿಕ್ಷಕರಿಗೆ ಆರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲಿದ್ದರೆ ಸಾಕು. ಕಾರ್ಖಾನೆಯವರಿಗೆ ಒಂದು ವರ್ಷದ್ದಾದರೂ ಬೇಕು. 20 ಲಕ್ಷದಲ್ಲಿ 3 ಲಕ್ಷ ಖಾತೆಯಲ್ಲಿ, 2 ಲಕ್ಷ ಒಂದು ವರ್ಷದ ಬ್ಯಾಂಕ್ ಠೇವಣಿಯಲ್ಲಿ, 15 ಲಕ್ಷ ಹಿರಿಯ ನಾಗರಿಕರ ಯೋಜನೆಯಲ್ಲಿ ಇಟ್ಟರೆ ಮೂರು ತಿಂಗಳಿಗೆ 30,750 ರೂಪಾಯಿ, ಅಂದರೆ ತಿಂಗಳಿಗೆ 10,250 ಬರುತ್ತದೆ. ಅದರಲ್ಲೂ ಮೊದಲ ಕೆಲವು ವರ್ಷ ಎರಡು ಸಾವಿರವನ್ನಾದರೂ ತೆಗೆದು ಆರ್‌ಡಿಗೆ ಹಾಕಿ. ಈ ಬಡ್ಡಿಗೂ ತುಟ್ಟಿಭತ್ಯೆ ಇಲ್ಲ, ಅದನ್ನು ನೀವೇ ಕಟ್ಟಿಕೊಳ್ಳಬೇಕು.

ಮನೆಯ ಟ್ರಂಕಿನಲ್ಲಿ ಇಡುವವರಿಗೆ ಒಂದು ಮಾತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದದ್ದು ಎಲ್ಲರಿಗೂ ನೆನಪಿದೆ. ನವೆಂಬರ್ 14ರಿಂದ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳಬಾರದೆಂದು ಆದೇಶವಾಯಿತು. ನಮ್ಮ ಹಳ್ಳಿಗಳಲ್ಲಿ ಖಾತೆ ಇದ್ದದ್ದೇ ಅಲ್ಲಿ. 2023ರ ಮೇ 19ರಂದು 2000ದ ನೋಟು ಹಿಂದಕ್ಕೆ ಪಡೆಯುವ ಪ್ರಕಟಣೆಯೂ ಬಂತು. ಮನೆಯಲ್ಲಿ ಒಂದು ತಿಂಗಳ ಖರ್ಚಿಗಿಂತ ಹೆಚ್ಚು ಬೇಡ.

ಮೂರು ತಿಂಗಳ ಗಡುವು

ಮಹಾರಾಷ್ಟ್ರದ ಕಡೆಯ ಸದಸ್ಯರು ಇದನ್ನು ಎರಡು ಸಲ ಓದಬೇಕು. "ದೊಡ್ಡ ಮೊತ್ತ ಬಂದಾಗ ಅವಸರ ಮಾಡಬೇಡಿ, ಆರು ತಿಂಗಳು ಸುಮ್ಮನಿರಿ" ಎಂದು ಹೇಳುವವರಿದ್ದಾರೆ. ಸಾಮಾನ್ಯವಾಗಿ ಒಳ್ಳೆಯ ಮಾತೇ. ಆದರೆ ನಮಗೆ ಪೂರ್ತಿ ಒಪ್ಪುವುದಿಲ್ಲ.

ಕರ್ನಾಟಕ ಸರ್ಕಾರದ ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ಮಹಾರಾಷ್ಟ್ರದಲ್ಲಿ ಚತುರ್ಥ ಶ್ರೇಣಿಯವರನ್ನು ಬಿಟ್ಟರೆ ಬಹುತೇಕ ಎಲ್ಲರೂ 58ಕ್ಕೆ. ಹಿರಿಯ ನಾಗರಿಕರ ಯೋಜನೆಗೆ ವಯಸ್ಸು 60 ಆಗಿರಬೇಕು. ನಿವೃತ್ತರಾದವರಿಗೆ ಮಾತ್ರ 55ರಿಂದಲೇ ಅವಕಾಶವಿದೆ, ಆದರೆ ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆಗೆಯಬೇಕು. 2023ರ ನವೆಂಬರಿಗೆ ಮೊದಲು ಈ ಗಡುವು ಒಂದೇ ತಿಂಗಳು ಇತ್ತು. ಇಡುವ ಮೊತ್ತ ನಿವೃತ್ತಿಯಿಂದ ಬಂದ ಮೊತ್ತಕ್ಕಿಂತ ಹೆಚ್ಚಿರಬಾರದು. ಕಚೇರಿಯಿಂದ ನಿವೃತ್ತಿಯ ವಿವರದ ಪ್ರಮಾಣಪತ್ರ ಬೇಕು. ಗಡುವು ತಪ್ಪಿದರೆ 60 ತುಂಬುವವರೆಗೆ ಕಾಯಬೇಕು. ಉಮದಿಯಲ್ಲಿ ನಿವೃತ್ತರಾದವರಿಗೆ ಈ ತೊಡಕು ಇದೆ, ಗಡಿಯಾಚೆ ಇಂಡಿಯಲ್ಲಿ ನಿವೃತ್ತರಾದವರಿಗೆ ಇಲ್ಲ. ಹಣ ಜಮೆಯಾದ ದಿನಾಂಕದ ಕಾಗದವನ್ನು ಜೋಪಾನ ಮಾಡಿ, ಪ್ರಮಾಣಪತ್ರವನ್ನು ನಿವೃತ್ತಿಯ ವಾರದಲ್ಲೇ ಕೇಳಿ ತೆಗೆದುಕೊಳ್ಳಿ. ಬೀಳ್ಕೊಡುಗೆಯ ಶಾಲು ಹಾಕಿದ ದಿನ ಸಿಗುವ ಸಹಿ ಎರಡು ತಿಂಗಳ ಮೇಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಈ ಯೋಜನೆಯ ಮಿತಿ 2023ರ ಏಪ್ರಿಲಿನಿಂದ 30 ಲಕ್ಷ. ಅವಧಿ ಐದು ವರ್ಷ, ಆಮೇಲೆ ಮೂರು ಮೂರು ವರ್ಷಕ್ಕೆ ಮುಂದುವರಿಸಬಹುದು. ಖಾತೆ ತೆಗೆದ ದಿನದ ಬಡ್ಡಿ ದರವೇ ಐದು ವರ್ಷ ನಡೆಯುತ್ತದೆ. ಒಂದು ಲಕ್ಷ ಮತ್ತು ಮೇಲಿನ ಮೊತ್ತಕ್ಕೆ ಚೆಕ್ಕು ಬೇಕು. ಮಧ್ಯದಲ್ಲಿ ಮುರಿದರೆ ಕಡಿತ ಹೀಗಿದೆ: ಒಂದು ವರ್ಷದೊಳಗಾದರೆ ಬಡ್ಡಿಯೇ ಇಲ್ಲ, ಎರಡು ವರ್ಷದೊಳಗಾದರೆ ಮೊತ್ತದ ಶೇ. 1.5, ಆಮೇಲೆ ಶೇ. 1. ಅರ್ಧ ಮುರಿದು ಅರ್ಧ ಉಳಿಸಲು ಬರುವುದಿಲ್ಲ. ಅದಕ್ಕೇ 15 ಲಕ್ಷವನ್ನು ಒಂದೇ ಖಾತೆಗೆ ಹಾಕದೆ, ಗಡುವಿನೊಳಗೆ ತಿಂಗಳಿಗೊಂದರಂತೆ 5 ಲಕ್ಷದ ಮೂರು ಖಾತೆ ಮಾಡಿ. ಆಪತ್ತು ಬಂದರೆ ಒಂದು ಮುರಿಯುತ್ತದೆ, ಎರಡು ಉಳಿಯುತ್ತವೆ.

ಬಡ್ಡಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಆರಂಭದಲ್ಲಿ ಜಮೆಯಾಗುತ್ತದೆ. ತೆಗೆಯದೆ ಬಿಟ್ಟ ಬಡ್ಡಿಗೆ ಬಡ್ಡಿ ಹುಟ್ಟುವುದಿಲ್ಲ. "ಅಲ್ಲೇ ಬೆಳೀಲಿ" ಎಂದು ಬಿಟ್ಟವರು ತಿಳಿದುಕೊಳ್ಳಿ, ಅದು ಬೆಳೆಯುವುದಿಲ್ಲ. ಮನೆಯವರಿಗೆ 60 ಆಗಿರದಿದ್ದರೆ ಅವರ ಹೆಸರಿನಲ್ಲಿ ಅಂಚೆಯ ಮಾಸಿಕ ಆದಾಯ ಯೋಜನೆ ಇದೆ. ಶೇ. 7.4ರ ದರದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550 ರೂಪಾಯಿ. ಮನೆಯ ಎಲ್ಲ ಹಣ ಗಂಡನ ಹೆಸರಿನಲ್ಲೇ ಇರಬೇಕೆಂಬ ಪದ್ಧತಿ ನನಗೆ ಯಾವತ್ತೂ ಸರಿಕಂಡಿಲ್ಲ.

ಹಣ ಯಾರ ಕೈಯಲ್ಲಿದೆ?

ನಗದೋ ಹೂಡಿಕೆಯೋ ಎಂದು ತಿಂಗಳುಗಟ್ಟಲೆ ಯೋಚಿಸಿದವರು ಈ ಪ್ರಶ್ನೆಯನ್ನು ಒಂದು ನಿಮಿಷವೂ ಕೇಳಿಕೊಳ್ಳುವುದಿಲ್ಲ. ನಮ್ಮ ಭಾಗದಲ್ಲಿ ಹಣ ಹೋಗಿರುವುದು ಹೆಚ್ಚಾಗಿ ಇಲ್ಲೇ.

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿತು. ಆ ಬಿಸಿಯಲ್ಲೇ 1962ರ ಜನವರಿ 1ರಿಂದ ದೇಶದಲ್ಲಿ ಠೇವಣಿ ವಿಮೆ ಬಂತು. ಆಗ ಮಿತಿ 1,500 ರೂಪಾಯಿ. 1993ರಲ್ಲಿ ಒಂದು ಲಕ್ಷವಾಯಿತು, 2020ರ ಫೆಬ್ರವರಿ 4ರಿಂದ ಐದು ಲಕ್ಷ. ಇದು ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಜತ್ತ ಶಾಖೆ, ಸಾಂಗ್ಲಿ ಶಾಖೆ ಎಂದು ಬೇರೆ ಬೇರೆ ಇಟ್ಟರೂ ಬ್ಯಾಂಕು ಒಂದೇ ಆದರೆ ಲೆಕ್ಕವೂ ಒಂದೇ. ಸರಿಯಾಗಿ 5 ಲಕ್ಷ ಇಟ್ಟರೆ ಅದರ ಬಡ್ಡಿ ವಿಮೆಯ ಹೊರಗೆ ಉಳಿಯುತ್ತದೆ. ಗಂಡನ ಖಾತೆ, ಹೆಂಡತಿಯ ಖಾತೆ, ಇಬ್ಬರ ಜಂಟಿ ಖಾತೆ ಇವು ಮಾತ್ರ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಅಂಚೆ ಕಚೇರಿಯ ಉಳಿತಾಯಕ್ಕೆ ಈ ಐದು ಲಕ್ಷದ ಮಾತೇ ಇಲ್ಲ, ಅದರ ಹಿಂದೆ ಕೇಂದ್ರ ಸರ್ಕಾರವೇ ಇದೆ.

ಇದು ಪುಸ್ತಕದ ಮಾತಲ್ಲ. ಸಾಂಗ್ಲಿ ಜಿಲ್ಲೆಯ ಶಿರಾಳಾದ ಸರ್ಜೇರಾವದಾದಾ ನಾಯಿಕ ಸಹಕಾರಿ ಬ್ಯಾಂಕು, ಬಾಗಲಕೋಟ ಜಿಲ್ಲೆಯ ಮುಧೋಳ ಕೋ-ಆಪರೇಟಿವ್ ಬ್ಯಾಂಕು, ವಿಜಯಪುರದ ಡೆಕ್ಕನ್ ಅರ್ಬನ್ ಕೋ-ಆಪರೇಟಿವ್ ಬ್ಯಾಂಕು, ಈ ಮೂರರ ಲೈಸೆನ್ಸನ್ನೂ ರಿಸರ್ವ್ ಬ್ಯಾಂಕು 2022ರಲ್ಲಿ ರದ್ದು ಮಾಡಿತು. ಎಲ್ಲವೂ ನಮ್ಮ ಸುತ್ತಲಿನವೇ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಂದಾಗ ಒಬ್ಬರು ತೆಗೆಯಬಹುದಾದದ್ದು 35,000 ರೂಪಾಯಿ ಮಾತ್ರ. ಅಲ್ಲಿ ಹಣ ಇಟ್ಟವರಲ್ಲಿ ನಮ್ಮಂತೆ ನಿವೃತ್ತರಾದವರು ಬಹಳ. 2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕಿನವರಿಗೆ ಮೊದಲು ಬಿಟ್ಟದ್ದು ಬರೀ 1,000.

2021ರಲ್ಲಿ ಕಾನೂನು ತಿದ್ದುಪಡಿಯಾಗಿ, ಇಂಥ ನಿರ್ಬಂಧ ಬಂದ 90 ದಿನಗಳಲ್ಲಿ ವಿಮೆಯ ಹಣ ಕೊಡಬೇಕೆಂದಾಯಿತು. ದೊಡ್ಡ ಉಪಕಾರ. ಬ್ಯಾಂಕು ಮುಚ್ಚಿದಾಗ ಸಣ್ಣ ಠೇವಣಿದಾರರಿಗೆ ಇದರಿಂದ ಪೂರ್ತಿ ಹಣ ಸಿಗುತ್ತದೆ. ಹೊರಗೆ ಉಳಿಯುವವರು ಯಾರು? ಐದು ಲಕ್ಷಕ್ಕಿಂತ ಹೆಚ್ಚು ಇಟ್ಟವರು. ವ್ಯಾಪಾರಸ್ಥರ ಹಣ ಹತ್ತು ಕಡೆ ಓಡಾಡುತ್ತಿರುತ್ತದೆ. ಒಂದೇ ಶಾಖೆಯಲ್ಲಿ ಒಂದೇ ದಿನ ಹದಿನೈದು ಲಕ್ಷ ಇಡುವವರು ಈಗಷ್ಟೇ ನಿವೃತ್ತರಾದವರೇ.

ನಿಮ್ಮಲ್ಲಿ ಹಿರಿಯರಿಗೆ ಸಾತಾರಾದ ಯುನೈಟೆಡ್ ವೆಸ್ಟರ್ನ್ ಬ್ಯಾಂಕು ನೆನಪಿರಬಹುದು. 2006ರ ಸೆಪ್ಟೆಂಬರ್ 2ರಂದು ಅದರ ವ್ಯವಹಾರ ತಡೆಹಿಡಿದರು, ಅಕ್ಟೋಬರ್ 3ಕ್ಕೆ ಅದು ಐಡಿಬಿಐ ಬ್ಯಾಂಕಿನಲ್ಲಿ ಸೇರಿತು. ಅಲ್ಲಿ ತಿಂಗಳಲ್ಲಿ ಮುಗಿದ ಕಥೆ ಸಹಕಾರಿ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೇ ಸಹಕಾರಿ ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಇಡಬೇಡಿ ಎನ್ನುತ್ತೇನೆ, ಅಧ್ಯಕ್ಷರು ನಿಮ್ಮ ಬೀಗರೇ ಆಗಿದ್ದರೂ.

ಪತಸಂಸ್ಥೆಗಳ ಮಾತು ಬೇರೆ. ಮಹಾರಾಷ್ಟ್ರದಲ್ಲಿ ಪತಸಂಸ್ಥೆ, ಕರ್ನಾಟಕದಲ್ಲಿ ಸೌಹಾರ್ದ ಸಹಕಾರಿ, ಎರಡೂ ಕಡೆ ಶಾಖೆ ಇರುವ ಮಲ್ಟಿಸ್ಟೇಟ್ ಸೊಸೈಟಿ, ಯಾವುದರಲ್ಲೂ ಈ ಐದು ಲಕ್ಷದ ವಿಮೆ ಇಲ್ಲ. ಕೌಂಟರು, ಪಾಸ್‌ಬುಕ್ಕು, ಗಾಜಿನ ಕೋಣೆ ಎಲ್ಲ ಬ್ಯಾಂಕಿನಂತೆಯೇ ಇರುತ್ತದೆ. ಅವು ಮಾಡಿದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ತಾಲೂಕಿನ ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಬ್ಯಾಂಕು ಬಾಗಿಲು ತೆರೆಯದಿದ್ದಾಗ ಸಾಲ ಕೊಟ್ಟವರು ಅವರೇ. ಆದರೆ ಲೆಕ್ಕ ನೋಡಿ. ನಿಮಗೆ ಶೇ. 12 ಬಡ್ಡಿ ಕೊಡಬೇಕಾದರೆ ಅವರು ಸಾಲಕ್ಕೆ ಶೇ. 15, 16 ವಸೂಲಿ ಮಾಡಬೇಕು. ಯಾರಿಂದ? ಅದೇ ದ್ರಾಕ್ಷಿ ಬೆಳೆಗಾರರಿಂದ. ಹೂ ಬಿಡುವ ಹೊತ್ತಿನಲ್ಲಿ ಅಕಾಲಿಕ ಮಳೆ ಬಿದ್ದರೆ ಆ ವರ್ಷ ಕಂತು ನಿಂತಿತು. ನಿಮ್ಮ ಮಗನ ತೋಟವೂ ಅದೇ ಮಳೆಯಲ್ಲಿ ನೆಂದಿರುತ್ತದೆ, ನಿಮ್ಮ ಠೇವಣಿಯೂ ಅದೇ ಮಳೆಯಲ್ಲಿ ನೆಂದಿರುತ್ತದೆ. ಮನೆಯ ಆದಾಯ ನಿಂತ ವರ್ಷವೇ ಠೇವಣಿಯೂ ಕೈಗೆ ಸಿಗದಿದ್ದರೆ ಏನು ಮಾಡುವುದು?

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು. ಪತಸಂಸ್ಥೆ ಮಹಾರಾಷ್ಟ್ರದ 1960ರ ಸಹಕಾರಿ ಕಾಯ್ದೆಯಲ್ಲಿ ನೋಂದಣಿಯಾಗಿದ್ದರೆ ದೂರು ಇಲ್ಲಿನ ಸಹಾಯಕ ನಿಬಂಧಕರಿಗೆ. ಕರ್ನಾಟಕದ 1997ರ ಸೌಹಾರ್ದ ಕಾಯ್ದೆಯದ್ದಾಗಿದ್ದರೆ ಆ ರಾಜ್ಯಕ್ಕೆ ಹೋಗಬೇಕು. ಮಲ್ಟಿಸ್ಟೇಟ್ ಆಗಿದ್ದರೆ ದಿಲ್ಲಿಯ ಕೇಂದ್ರ ನಿಬಂಧಕರು. ಠೇವಣಿದಾರರ ರಕ್ಷಣೆಗೆ ಮಹಾರಾಷ್ಟ್ರದಲ್ಲಿ 1999ರ ಕಾಯ್ದೆ, ಕರ್ನಾಟಕದಲ್ಲಿ 2004ರ ಕಾಯ್ದೆ ಇವೆ. ಕಾಯ್ದೆ ಇದ್ದರೂ ಎಪ್ಪತ್ತು ದಾಟಿದವರು ಕೋರ್ಟಿನ ತಾರೀಖಿಗೆ ಎಷ್ಟು ಸಲ ಬಸ್ಸು ಹತ್ತಬಲ್ಲರು? ಹಣ ಇಡುವ ಮೊದಲು ನೋಂದಣಿ ಸಂಖ್ಯೆಯನ್ನೂ ನೋಂದಣಿಯಾದ ಊರನ್ನೂ ಬರೆದುಕೊಳ್ಳಿ. ಹೇಳಲು ಹಿಂದೇಟು ಹಾಕಿದರೆ ಚಹಾ ಕುಡಿದು ಎದ್ದು ಬನ್ನಿ.

ಭಿಶಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಿಂಗಳ ಐನೂರು, ಸಾವಿರಕ್ಕೆ ಗೆಳೆಯರ ನಡುವೆ ನಡೆಯಲಿ. ಗ್ರಾಚ್ಯುಟಿ ಹಣ ಅಲ್ಲಿಗೆ ಹೋಗಬಾರದು.

ಷೇರು, ತೋಟ, ಪಾಲಿಸಿ

ಮ್ಯೂಚುವಲ್ ಫಂಡಿನ ಬಗ್ಗೆ ಮಕ್ಕಳು ಪುಣೆಯಿಂದ, ಬೆಂಗಳೂರಿನಿಂದ ಒತ್ತಾಯ ಮಾಡುತ್ತಾರೆ. ಅವರು ಹೇಳುವುದರಲ್ಲಿ ಸತ್ಯ ಇದೆ. ಹತ್ತು ಹದಿನೈದು ವರ್ಷದ ಲೆಕ್ಕದಲ್ಲಿ ಬೆಲೆಯೇರಿಕೆಯನ್ನು ಮೀರಿ ಬೆಳೆಯುವ ಸಾಧ್ಯತೆ ಹೆಚ್ಚಿರುವುದು ಷೇರಿಗೇ. ಆದರೆ 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚಿನಲ್ಲಿ 8,200ರ ಆಸುಪಾಸಿನಲ್ಲಿತ್ತು. 2020ರ ಜನವರಿಯಲ್ಲಿ 42,000 ಇದ್ದದ್ದು ಮಾರ್ಚಿನಲ್ಲಿ 26,000ಕ್ಕೆ ಇಳಿಯಿತು. ಎರಡು ಸಲವೂ ಮತ್ತೆ ಏರಿತು. ಕಾಯುವ ಶಕ್ತಿ ಇದ್ದವರಿಗೆ ಅದರಿಂದ ನಷ್ಟವಾಗಲಿಲ್ಲ. ಮನೆಖರ್ಚಿಗೆ ಅದೇ ಹಣ ಬೇಕಾದವರು ಕೆಳಗಿದ್ದಾಗಲೇ ಮಾರಬೇಕಾಯಿತು.

ವಿಚಿತ್ರ ನೋಡಿ. ಬೆಲೆಯೇರಿಕೆಗೆ ರಕ್ಷಣೆ ಹೆಚ್ಚು ಬೇಕಾಗಿರುವುದು ಕಾರ್ಖಾನೆಯವರಿಗೆ, ಆದರೆ ಷೇರು ಬಿದ್ದರೆ ತಡೆದುಕೊಳ್ಳುವ ಶಕ್ತಿ ಇರುವುದು ಶಿಕ್ಷಕರಿಗೆ. ಶಿಕ್ಷಕರು 20 ಲಕ್ಷದಲ್ಲಿ ನಾಲ್ಕೈದು ಲಕ್ಷವನ್ನು ಹತ್ತು ವರ್ಷ ಮುಟ್ಟುವುದಿಲ್ಲ ಎಂಬ ನಿಶ್ಚಯದಿಂದ ಹಾಕಬಹುದು. ನಿದ್ದೆ ಕೆಡುತ್ತದೆ ಎನಿಸಿದರೆ ಬೇಡ, ತುಟ್ಟಿಭತ್ಯೆಯ ಪೆನ್ಶನ್ ಇರುವವರಿಗೆ ಅದು ಅನಿವಾರ್ಯವೂ ಅಲ್ಲ. ಕಾರ್ಖಾನೆಯವರಿಗೆ ನಾನು ಹೇಳುವುದು ಮೊದಲು ಅಂಚೆ, ಆಮೇಲೆ ಆರ್‌ಡಿಯಲ್ಲಿ ಕೂಡಿದ್ದರಲ್ಲಿ ಬೇಕಿದ್ದರೆ ಸ್ವಲ್ಪ.

ತೋಟಕ್ಕೆ ಹಣ ಹಾಕುವವರು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು. ಬೋರು ಹೊಡೆಸಿ, ಚಪ್ಪರ ಹಾಕಿಸಿ, ದ್ರಾಕ್ಷಿ ಹಚ್ಚುವುದು ತಪ್ಪಲ್ಲ. ಆದರೆ ಅದನ್ನು ಹೂಡಿಕೆ ಎಂದು ಕರೆಯಬೇಡಿ, ಅದು 58ನೇ ವಯಸ್ಸಿನಲ್ಲಿ ಹಿಡಿದ ಎರಡನೇ ನೌಕರಿ. ನೀರು ಬೀಳದ ಬೋರಿಗೆ ಯಾವ ವಿಮೆಯೂ ಇಲ್ಲ.

ಬ್ಯಾಂಕಿನ ಕೌಂಟರಿನಲ್ಲೇ "ಎಫ್‌ಡಿಗಿಂತ ಚಲೋ ಸ್ಕೀಮ್ ಐತಿ" ಎಂದು ಕೈಗೆ ಕೊಡುವ ಕಾಗದ ಬಹಳ ಸಲ ವಿಮಾ ಪಾಲಿಸಿ ಆಗಿರುತ್ತದೆ, ಪ್ರತಿವರ್ಷ ಕಂತು ಕಟ್ಟಬೇಕಾಗುತ್ತದೆ. ಮನೆಗೆ ಹೋಗಿ ಮಕ್ಕಳಿಂದ ಓದಿಸಿ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡವೆಂದು ಮರಳಿಸುವ ಹಕ್ಕು ನಿಮಗಿದೆ.

ಹೆಸರು ಸರಿ ಇದೆಯೇ?

ಎಲ್ಲ ಸರಿಯಾಗಿ ಇಟ್ಟರೂ ಕೊನೆಗೆ ಹಣ ನಿಲ್ಲುವುದು ಹೆಸರಿನ ಹತ್ತಿರ. ಶಾಲೆಯ ಕನ್ನಡ ದಾಖಲೆಯ ಮಲ್ಲಪ್ಪ ತಹಸೀಲ ಕಚೇರಿಯ ಮರಾಠಿಯಲ್ಲಿ ಮಲಾಪ್ಪಾ ಆಗಿ, ಆಧಾರಿನ ಇಂಗ್ಲಿಷಿನಲ್ಲಿ ಇನ್ನೊಂದು ರೂಪ ತಾಳುತ್ತಾನೆ. ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಬದುಕಿದ್ದಾಗ ಇದು ನಗೆಯ ವಿಷಯ. ಮನೆಯೊಡೆಯ ತೀರಿಕೊಂಡ ಮೇಲೆ ಅವನ ಹೆಂಡತಿ ಅದೇ ಕೌಂಟರಿನಲ್ಲಿ ನಿಂತು, ತಾನು ಇಂಥವನ ಹೆಂಡತಿಯೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ. ಖಾತೆಯಲ್ಲಿ ನಗದು ಇದ್ದೂ ದಿನಕರ್ಮಕ್ಕೆ ಸಾಲ ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ.

2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿಯ ಹೆಸರು ಅವರ ಆಧಾರಿನಲ್ಲಿ ಇದ್ದಂತೆಯೇ ಇರಲಿ. ಸಹಿ ಕನ್ನಡದಲ್ಲಿ ಮಾಡಿದರೆ ನಡೆಯುತ್ತದೆ, ಯಾರಾದರೂ ಬೇಡವೆಂದರೆ ಸಂಘಕ್ಕೆ ತಿಳಿಸಿ. ಆದಾಯ ತೆರಿಗೆ ಬೀಳದವರು ಪ್ರತಿ ಏಪ್ರಿಲಿನಲ್ಲಿ ಬಡ್ಡಿಯಿಂದ ತೆರಿಗೆ ಹಿಡಿಯಬೇಡಿ ಎಂಬ ಘೋಷಣೆಯ ನಮೂನೆ ಕೊಡುವುದನ್ನು ಮರೆಯಬೇಡಿ.

ಮುಂದಿನ ಮಾಸಿಕ ಸಭೆ ಮುಗಿದ ಮೇಲೆ ನಾಮಿನಿ ನಮೂನೆ ತುಂಬಿಕೊಡಲು ನಾವು ಮೂವರು ಕುಳಿತಿರುತ್ತೇವೆ. ಆಧಾರ್, ಪೆನ್ಶನ್ ಆದೇಶ, ಪಾಸ್‌ಬುಕ್ಕಿನ ಮೊದಲ ಪುಟ ಇವುಗಳ ಝೆರಾಕ್ಸ್ ತನ್ನಿ, ಮೂಲ ಪ್ರತಿ ಬೇಡ. ಪಾಸ್‌ಬುಕ್ಕಿನಲ್ಲಿ ಎಷ್ಟಿದೆ ಎಂದು ನಾವು ಕೇಳುವುದಿಲ್ಲ. ಒಟಿಪಿ, ಎಟಿಎಂ ಪಿನ್ ನನಗೂ ಹೇಳಬೇಡಿ. ಮನೆಯವರನ್ನು ಜೊತೆಗೆ ಕರೆತನ್ನಿ. ಸಹಿ ಎಲ್ಲಿ, ಯಾವ ಕಾಗದ ಯಾವ ಟ್ರಂಕಿನಲ್ಲಿ ಎಂಬುದು ಅವರಿಗೂ ಗೊತ್ತಿರಬೇಕು.

ಕಾರ್ಯದರ್ಶಿ, ಜತ್ತ